ಕಾರಿನ ಮೈಮೇಲಿನ ನಗ್ಗು: ತಗಡು ತಗ್ಗುವುದು ಹೇಗೆ, ಮರಳಿ ಏಳುವುದು ಹೇಗೆ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಗುಲಿ ಹಿಂಬಾಗಿಲು ಅಂಗೈಯಗಲ ನಗ್ಗಿತು ಎಂದುಕೊಳ್ಳಿ. ಮನೆಯ ಹತ್ತಿರದ ಗ್ಯಾರೇಜಿನವರು ಪುಟ್ಟಿ ಹಾಕಿ, ಬಣ್ಣ ಹೊಡೆದು ನಾಳೆ ಸಂಜೆಗೆ ಕೊಡುತ್ತೇವೆ ಎನ್ನುತ್ತಾರೆ. ಸರ್ವಿಸ್ ಸೆಂಟರಿನವರು ಬಾಗಿಲನ್ನೇ ಬದಲಿಸಬೇಕು, ವಿಮೆಯಲ್ಲಿ ಮಾಡಿಸಿಕೊಳ್ಳಿ ಎನ್ನುತ್ತಾರೆ. ಮೂರನೆಯವರೊಬ್ಬರು ಬಣ್ಣಕ್ಕೆ ಕೈ ಹಚ್ಚದೆಯೇ ಒಳಗಿನಿಂದ ಒತ್ತಿ ಎಬ್ಬಿಸುತ್ತೇವೆ ಎನ್ನುತ್ತಾರೆ. ಕೇಳಿದವರಿಗೆ ಯಾರ ಮಾತನ್ನು ನಂಬಬೇಕೆಂದು ತಿಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಆಲಿಕಲ್ಲು ಮಳೆ ಸುರಿದ ಮಾರನೆಯ ದಿನ ಬಾನೆಟ್ಟಿನ ಮೇಲೂ ಚಾವಣಿಯ ಮೇಲೂ ಸಣ್ಣ ಸಣ್ಣ ಕುಳಿಗಳನ್ನು ಕಂಡು ಗಾಬರಿಯಾಗುವವರ ಪಾಡೂ ಇದೇ.

ಈ ಮೂರು ಉತ್ತರಗಳಲ್ಲಿ ಪ್ರತಿಯೊಂದೂ ಒಂದಲ್ಲ ಒಂದು ಬಗೆಯ ನಗ್ಗಿಗೆ ಸರಿಯಾದದ್ದೇ. ಯಾವ ನಗ್ಗಿಗೆ ಯಾವ ಉತ್ತರ ಎಂಬುದನ್ನು ತೀರ್ಮಾನಿಸುವುದು ಕುಳಿಯ ಗಾತ್ರವಲ್ಲ; ಪೆಟ್ಟು ಬಿದ್ದಾಗ ತಗಡಿನೊಳಗೆ ಏನಾಯಿತು ಎಂಬುದು. ಅದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹೊರಗಿನ ಚರ್ಮ, ಒಳಗಿನ ಎಲುಬು

ಇಂದಿನ ಬಹುತೇಕ ಕಾರುಗಳಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ಅಚ್ಚಿನಲ್ಲಿ ಒತ್ತಿ ರೂಪಿಸಿದ ಉಕ್ಕಿನ ತಗಡುಗಳನ್ನು ಒಂದಕ್ಕೊಂದು ಬೆಸೆದು, ಇಡೀ ಕಾರನ್ನೇ ಒಂದು ಗೂಡಿನಂತೆ ಕಟ್ಟಿರುತ್ತಾರೆ. ಈ ಗೂಡಿನಲ್ಲಿ ಎರಡು ಬಗೆಯ ಭಾಗಗಳಿವೆ. ಬಾಗಿಲುಗಳ ನಡುವಿನ ಕಂಬಗಳು, ನೆಲದಡಿಯ ತೊಲೆಗಳು, ಬಾಗಿಲಿನೊಳಗೆ ಅಡ್ಡಲಾಗಿ ಇಟ್ಟ ದಂಡಗಳು ಎಲುಬಿನಂತೆ ಭಾರ ಹೊರುತ್ತವೆ, ಅಪಘಾತದ ಹೊಡೆತವನ್ನು ತಾಳುತ್ತವೆ. ಬಾನೆಟ್, ಚಕ್ರದ ಮೇಲಿನ ಫೆಂಡರ್, ಬಾಗಿಲಿನ ಹೊರಮೈ, ಡಿಕ್ಕಿಯ ಮುಚ್ಚಳ, ಚಾವಣಿ ಇವೆಲ್ಲ ಹೆಚ್ಚುಕಡಿಮೆ ಚರ್ಮದಂತೆ. ಗಾಳಿ ಮಳೆಯನ್ನು ತಡೆಯುವುದೂ ಕಾರಿಗೆ ರೂಪ ಕೊಡುವುದೂ ಇವುಗಳ ಮುಖ್ಯ ಕೆಲಸ.

ಹೊರತಗಡಿನ ದಪ್ಪ ಸಾಮಾನ್ಯವಾಗಿ 0.65ರಿಂದ 0.8 ಮಿಲಿಮೀಟರ್. ನಿಮ್ಮ ಜೇಬಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಕಾರಿನ ಬಾಗಿಲಿನ ಹೊರಮೈಯೂ ಅಷ್ಟೇ ಎಂದು ಭಾವಿಸಬಹುದು. ಇಷ್ಟು ತೆಳ್ಳಗಿದೆ ಎಂದಮಾತ್ರಕ್ಕೆ ಕಾರು ದುರ್ಬಲ ಎಂದು ಹೇಳಲಾಗದು, ಏಕೆಂದರೆ ಬಲ ಇರುವುದು ಒಳಗಿನ ಎಲುಬಿನಲ್ಲಿ. ಆ ಎಲುಬಿನ ಕೆಲವು ಭಾಗಗಳನ್ನು ಬೋರಾನ್ ಬೆರೆತ ಉಕ್ಕಿನಿಂದ ಮಾಡಿ, ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚಿನೊಳಗೇ ತಟ್ಟನೆ ತಣಿಸಿ ಗಟ್ಟಿಗೊಳಿಸಿರುತ್ತಾರೆ. ಗ್ಯಾರೇಜಿನಲ್ಲಿ ಅವನ್ನು ಮತ್ತೆ ಕಾಯಿಸಿದರೆ ಆ ಗಟ್ಟಿತನ ಹೊರಟುಹೋಗುತ್ತದೆ. ಆದ್ದರಿಂದ ಕಂಬ ಅಥವಾ ತೊಲೆಗೆ ಪೆಟ್ಟು ಬಿದ್ದಿದ್ದರೆ ಅದು ಸುತ್ತಿಗೆಯಿಂದ ನೇರ ಮಾಡುವ ಕೆಲಸವಲ್ಲ. ತಯಾರಕರು ಹೇಳಿದ ಕ್ರಮದಲ್ಲಿ ಬದಲಿಸಬೇಕಾದ ಕೆಲಸ. ಈ ಲೇಖನದಲ್ಲಿ ಹೇಳುವುದೆಲ್ಲ ಚರ್ಮದ ನಗ್ಗಿಗೆ ಮಾತ್ರ ಅನ್ವಯಿಸುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಬಾನೆಟ್, ಮುಂದಿನ ಫೆಂಡರ್, ಬಾಗಿಲುಗಳನ್ನು ಬೋಲ್ಟ್ ಬಿಚ್ಚಿ ಬದಲಿಸಬಹುದು. ಹಿಂಚಕ್ರದ ಮೇಲಿನ ಅಗಲವಾದ ಭಾಗ ಮತ್ತು ಚಾವಣಿ ಹಾಗಲ್ಲ. ಅವು ಗೂಡಿಗೆ ಬೆಸೆದುಕೊಂಡಿರುತ್ತವೆ. ಅವನ್ನು ಬದಲಿಸಬೇಕೆಂದರೆ ಕತ್ತರಿಸಿ ತೆಗೆದು ಹೊಸದನ್ನು ವೆಲ್ಡ್ ಮಾಡಬೇಕು. ಕಾರ್ಖಾನೆಯ ಬೆಸುಗೆಯನ್ನೂ ತುಕ್ಕು ತಡೆಯುವ ಲೇಪವನ್ನೂ ಕಳೆದುಕೊಳ್ಳುವ ಈ ಕೆಲಸಕ್ಕೆ ಕೈ ಹಾಕುವ ಮೊದಲು, ಇದ್ದ ತಗಡನ್ನೇ ಎಬ್ಬಿಸಲು ಸಾಧ್ಯವೇ ಎಂದು ಎರಡು ಬಾರಿ ಯೋಚಿಸುವುದು ಒಳ್ಳೆಯದು.

ನಗ್ಗು ಎಂದರೆ ನಿಜವಾಗಿ ಏನು

ಸ್ಟೀಲ್ ಡಬ್ಬಿಯ ಅಗಲವಾದ ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ. ಕೈಯಿಂದ ಜಾರಿ ಬಿದ್ದು ಅದರ ಅಂಚು ನೆಲಕ್ಕೆ ಬಡಿದರೆ ನಗ್ಗು ಉಳಿಯುತ್ತದೆ. ಲೋಹಕ್ಕೆ ಒಂದು ಮಿತಿಯಿದೆ: ಆ ಮಿತಿಯೊಳಗೆ ಬಾಗಿದರೆ ಸ್ಪ್ರಿಂಗಿನಂತೆ ಹಿಂದಿರುಗುತ್ತದೆ, ಮಿತಿ ದಾಟಿದರೆ ಹೊಸ ಆಕಾರವನ್ನೇ ತನ್ನದಾಗಿಸಿಕೊಳ್ಳುತ್ತದೆ. ಕಾರಿನ ಹೊರತಗಡಿನ ಉಕ್ಕಿನಲ್ಲಿ ಈ ಮಿತಿ ಬಹಳ ಕಿರಿದು. ನೂರು ಮಿಲಿಮೀಟರ್ ಉದ್ದದ ಪಟ್ಟಿಯನ್ನು ಸುಮಾರು 0.1 ಮಿಲಿಮೀಟರ್‌ನಷ್ಟು ಎಳೆಯುವವರೆಗೆ ಅದು ಮರಳಿ ಬರುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ.

ಕಾರಿನ ಬಾಗಿಲು ನಗ್ಗಿದಾಗ ಈ ಎರಡೂ ಒಟ್ಟಿಗೆ ನಡೆಯುತ್ತವೆ. ಕಂಬ ತಗುಲಿದ ಜಾಗದಲ್ಲಿಯೂ ಕುಳಿಯ ಸುತ್ತ ಎದ್ದ ಏಣಿನಲ್ಲಿಯೂ ತಗಡು ಮಿತಿ ದಾಟಿ ಮಡಿಕೆಯಾಗಿರುತ್ತದೆ. ಆದರೆ ಇವೆರಡರ ನಡುವಿನ ಅಗಲವಾದ ತಗ್ಗಿನಲ್ಲಿ ತಗಡಿಗೆ ಹೆಚ್ಚೇನೂ ಆಗಿರುವುದಿಲ್ಲ. ಅದು ಮೇಲೇಳಲು ಕಾಯುತ್ತಿರುತ್ತದೆ. ಮಡಿಕೆಗಳು ಅದನ್ನು ಹಿಡಿದಿಟ್ಟಿರುತ್ತವೆ, ಅಷ್ಟೆ. ಸೀರೆಯ ಸೆರಗಿಗೆ ಒಂದು ಪಿನ್ನು ಚುಚ್ಚಿದರೆ ಸುತ್ತಲಿನ ಗೇಣಗಲದ ಬಟ್ಟೆಯೆಲ್ಲ ಸೆಳೆದುಕೊಂಡು ಸುಕ್ಕಾಗಿ ಕಾಣುತ್ತದೆ. ಸುಕ್ಕನ್ನು ಎಷ್ಟು ನೀವಿದರೂ ಹೋಗದು, ಪಿನ್ನು ತೆಗೆದರೆ ತಾನೇ ಹೋಗುತ್ತದೆ. ನಗ್ಗು ಎಬ್ಬಿಸುವ ಕೆಲಸದ ಸಾರವೆಲ್ಲ ತಗಡಿನಲ್ಲಿ ಆ ಪಿನ್ನು ಎಲ್ಲಿದೆ ಎಂದು ಹುಡುಕುವುದರಲ್ಲಿದೆ.

ಮಡಿಕೆಯಾದ ಜಾಗದಲ್ಲಿ ಇನ್ನೊಂದು ಬದಲಾವಣೆಯೂ ಆಗಿರುತ್ತದೆ. ಕಬ್ಬಿಣದ ಕಟ್ಟುತಂತಿಯನ್ನು ಒಮ್ಮೆ ಮಡಿಸಿ ಮತ್ತೆ ನೇರ ಮಾಡಲು ಹೋದರೆ, ಮಡಿಸಿದ ಜಾಗ ಮಾತ್ರ ಸೊಟ್ಟಗೇ ಉಳಿದು ಅದರ ಅಕ್ಕಪಕ್ಕ ಬಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಬಾಗಿದ ಲೋಹ ಬಾಗಿದಲ್ಲೇ ಗಟ್ಟಿಯಾಗುತ್ತದೆ. ಅದೇ ಜಾಗವನ್ನು ಮತ್ತೆ ಮತ್ತೆ ಬಾಗಿಸಿದರೆ ಕೊನೆಗೆ ತುಂಡಾಗುತ್ತದೆ. ತಾಮ್ರದ ಕೊಡ ಬಡಿಯುವವರು ನಡುನಡುವೆ ಅದನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಳ್ಳುವುದು ಈ ಕಾರಣಕ್ಕೇ. ಕಾರಿನ ತಗಡಿಗೆ ಬಣ್ಣವೂ ತುಕ್ಕು ತಡೆಯುವ ಲೇಪವೂ ಇರುವುದರಿಂದ ಹಾಗೆ ಬೇಕೆಂದಾಗಲೆಲ್ಲ ಕಾಯಿಸುವಂತಿಲ್ಲ. ಅಂದರೆ ಒಳ್ಳೆಯ ಕೆಲಸಗಾರನಿಗೆ ಸಿಗುವುದು ಕೆಲವೇ ಅವಕಾಶಗಳು, ಪ್ರತಿ ಪೆಟ್ಟೂ ಲೆಕ್ಕಕ್ಕೆ ಬರುತ್ತದೆ.

ಕೊನೆಯ ಮಡಿಕೆ ಮೊದಲು

ಪೆಟ್ಟು ಬಿದ್ದಾಗ ಮೊದಲು ತಗ್ಗುವುದು ನಡುವಿನ ಜಾಗ. ತಗ್ಗು ಹಿಗ್ಗುತ್ತ ಹೊರಗೆ ಹರಡಿ, ಕಟ್ಟಕಡೆಗೆ ಅದರ ಅಂಚಿನಲ್ಲಿ ಏಣು ಏಳುತ್ತದೆ. ಬಿಚ್ಚುವಾಗ ಇದರ ವಿರುದ್ಧ ಕ್ರಮ. ಮಡಿಸಿಟ್ಟ ಸೀರೆಯನ್ನು ಬಿಚ್ಚುವಾಗ ಕೊನೆಯ ಮಡಿಕೆಯೇ ಮೊದಲು ತೆರೆಯಬೇಕಲ್ಲವೇ, ಹಾಗೆ ಕೊನೆಗೆ ಎದ್ದ ಏಣನ್ನು ಮೊದಲು ತಗ್ಗಿಸುತ್ತ, ಹೊರಗಿನಿಂದ ಒಳಕ್ಕೆ ಬರಬೇಕು. ಏಣು ಇಳಿದಂತೆ ಅದು ಹಿಡಿದಿಟ್ಟಿದ್ದ ತಗ್ಗು ತಾನಾಗಿಯೇ ಮೇಲೇಳತೊಡಗುತ್ತದೆ.

ಕೈ ಪಳಗದವರು ಮಾಡುವುದು ಇದಕ್ಕೆ ತದ್ವಿರುದ್ಧ. ಕಣ್ಣಿಗೆ ಕಾಣುವುದು ಆಳದ ಕುಳಿ, ಆದ್ದರಿಂದ ಹಿಂದಿನಿಂದ ಆ ಕುಳಿಯ ನಡುವಿಗೇ ಸುತ್ತಿಗೆ ಬೀಸುತ್ತಾರೆ. ಏಣು ಹಿಡಿದಿಟ್ಟಿರುವುದರಿಂದ ಕುಳಿ ಏಳುವುದಿಲ್ಲ. ಬಡಿದ ಜಾಗದ ತಗಡು ತೆಳುವಾಗಿ ಹಿಗ್ಗುತ್ತದೆ. ಕುಳಿಯ ನಡುವೆ ಒಂದು ಹೊಸ ಮೊಡವೆ ಎದ್ದಂತಾಗುತ್ತದೆ. ಮೊದಲು ಇದ್ದದ್ದು ಒಂದು ತೊಂದರೆ, ಈಗ ಎರಡು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋದಾಗ, ಅಲ್ಲೇ ಹಿಂದಿನ ಓಣಿಯೊಂದರಲ್ಲಿ ಹಿರಿಯ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಕೆಲಸ ಮಾಡುವುದನ್ನು ನಾನು ಸುಮಾರು ಒಂದು ಗಂಟೆ ನಿಂತು ನೋಡಿದ್ದೇನೆ. ಆ ಒಂದು ಗಂಟೆಯಲ್ಲಿ ಅವರು ಸುತ್ತಿಗೆ ಹಿಡಿದದ್ದು ಕಾಲು ಪಾಲಿನಷ್ಟು ಹೊತ್ತು ಮಾತ್ರ. ಬಾಗಿಲಿನ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಅಂಗೈಯನ್ನು ಉದ್ದಕ್ಕೂ ನಿಧಾನವಾಗಿ ಜಾರಿಸುತ್ತಿದ್ದರು. ಬಟ್ಟೆಯಿಲ್ಲದಿದ್ದರೆ ಬೆವರಿನ ಕೈ ತಗಡಿಗೆ ಅಂಟಿ ಉಬ್ಬುತಗ್ಗು ತಿಳಿಯದಂತೆ. ಕೈಗೆ ಏನೋ ತಗುಲಿದಲ್ಲಿ ಸೀಮೆಸುಣ್ಣದಿಂದ ಒಂದು ಗುರುತು. ಆಮೇಲೆ ಬಗ್ಗಿ, ಛಾವಣಿಯ ಟ್ಯೂಬ್‌ಲೈಟಿನ ಪ್ರತಿಬಿಂಬ ಬಾಗಿಲಿನ ಮೇಲೆ ಎಲ್ಲಿ ಸೊಟ್ಟಗಾಗುತ್ತದೆ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲಷ್ಟೇ ಒಂದೆರಡು ಪೆಟ್ಟು, ಅದೂ ಬಾಗಿಲು ತಟ್ಟುವಷ್ಟು ಮೆಲ್ಲಗೆ.

ಸುತ್ತಿಗೆ, ಡಾಲಿ ಮತ್ತು ಎಳೆಯುವ ಸಲಕರಣೆ

ಡಾಲಿ ಎಂದರೆ ಅಂಗೈಯಲ್ಲಿ ಹಿಡಿಯಬಹುದಾದ, ನಯವಾದ ಮೈಯ ಉಕ್ಕಿನ ಗಟ್ಟಿ. ತಗಡಿನ ಒಂದು ಮಗ್ಗುಲಿನಲ್ಲಿ ಡಾಲಿ, ಇನ್ನೊಂದು ಮಗ್ಗುಲಿನಲ್ಲಿ ಸುತ್ತಿಗೆ. ಇವನ್ನು ಬಳಸುವುದರಲ್ಲಿ ಎರಡು ವಿಧಾನಗಳಿವೆ, ಎರಡರ ಫಲವೂ ಬೇರೆ. ತಗ್ಗಿನ ಹಿಂದೆ ಡಾಲಿಯನ್ನು ಒತ್ತಿ ಹಿಡಿದು, ಪಕ್ಕದ ಏಣಿನ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಏಣು ಇಳಿಯುತ್ತದೆ, ತಗ್ಗು ಏಳುತ್ತದೆ, ತಗಡು ಹಿಗ್ಗುವುದಿಲ್ಲ. ಮೊದಲ ಹಂತದ ಕೆಲಸವೆಲ್ಲ ಹೀಗೆಯೇ ನಡೆಯಬೇಕು. ಡಾಲಿಯ ನೇರ ಮೇಲೆಯೇ ಸುತ್ತಿಗೆ ಬಿದ್ದರೆ ತಗಡು ಎರಡು ಉಕ್ಕುಗಳ ನಡುವೆ ಸಿಕ್ಕಿ ಚಪ್ಪಟೆಯಾಗುತ್ತದೆ. ಕೊನೆಯಲ್ಲಿ ಉಳಿದ ಸಣ್ಣ ಉಬ್ಬುತಗ್ಗುಗಳನ್ನು ಸಮ ಮಾಡಲು ಇದು ಬೇಕು, ಆದರೆ ಹೆಚ್ಚಾದರೆ ಲಟ್ಟಣಿಗೆಯಡಿಯ ಹಿಟ್ಟಿನಂತೆ ತಗಡು ಹರಡಿಕೊಳ್ಳುತ್ತದೆ.

ಎಲ್ಲ ಕಡೆಯೂ ಹಿಂದಿನಿಂದ ಕೈ ಹೋಗುವುದಿಲ್ಲ ಎಂಬುದೇ ತೊಡಕು. ಬಾಗಿಲಿನ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗ ಎಲ್ಲ ಕಡೆಯಿಂದಲೂ ಮುಚ್ಚಿರುತ್ತದೆ. ಅಂಥಲ್ಲಿ ಹೊರಗಿನಿಂದ ಎಳೆಯಬೇಕು. ನಗ್ಗಿನ ಸುತ್ತ ಬಣ್ಣ ಕೆರೆದು, ಹೊಳೆಯುವ ಉಕ್ಕು ಕಾಣುವಂತೆ ಮಾಡಿ, ಅದಕ್ಕೆ ಸಣ್ಣ ಮೊಳೆ ಅಥವಾ ವಾಷರುಗಳನ್ನು ವಿದ್ಯುತ್ತಿನಿಂದ ಕ್ಷಣಮಾತ್ರದಲ್ಲಿ ಬೆಸೆದು, ಅವುಗಳಿಗೆ ಕೊಂಡಿ ಸಿಕ್ಕಿಸಿ ಎಳೆಯುತ್ತಾರೆ. ಎಳೆದ ಸ್ಥಿತಿಯಲ್ಲೇ ಹಿಡಿದು ಸುತ್ತಲಿನ ಏಣನ್ನು ತಟ್ಟಿದರೆ ತಗಡು ಏಳುತ್ತದೆ. ಆಮೇಲೆ ಮೊಳೆಗಳನ್ನು ತಿರುಚಿ ಕಿತ್ತು, ಗುರುತುಗಳನ್ನು ಉಜ್ಜುತ್ತಾರೆ. ತಗಡಿಗೆ ಸಣ್ಣ ರಂಧ್ರ ಕೊರೆದು ಕೊಕ್ಕೆ ಹಾಕಿ ಎಳೆಯುವ ಕ್ರಮಕ್ಕಿಂತ ಇದು ಎಷ್ಟೋ ಮೇಲು. ಆದರೂ ಇದರಲ್ಲಿ ಒಂದು ವಿಷಯ ಮರೆತುಹೋಗುವುದುಂಟು: ಬೆಸುಗೆಯ ಬಿಸಿಗೆ ತಗಡಿನ ಒಳಮಗ್ಗುಲಿನ ಲೇಪವೂ ಸುಟ್ಟಿರುತ್ತದೆ. ಒಳಗೆ ತುಕ್ಕು ತಡೆಯುವ ಮೇಣದಂಥ ದ್ರವವನ್ನು ಸಿಂಪಡಿಸದೆ ಬಿಟ್ಟರೆ, ಹೊರಗೆ ಎಲ್ಲವೂ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಇದು ಇನ್ನೂ ಬೇಗ. ಯಾವುದೇ ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯುವುದೂ ಅಷ್ಟೇ ಅಗತ್ಯ. ಇಲ್ಲದಿದ್ದರೆ ಕಾರಿನ ಎಲೆಕ್ಟ್ರಾನಿಕ್ ಭಾಗಗಳಿಗೆ ಹಾನಿಯಾಗಬಹುದು.

ತಗಡು ಆಗಲೇ ಹಿಗ್ಗಿಹೋಗಿದ್ದರೆ, ಒತ್ತಿದಾಗ ಒಳಕ್ಕೆ ಹೋಗಿ ಬಿಟ್ಟಾಗ ಟಕ್ಕೆಂದು ಹೊರಬರುವ ಲಕ್ಷಣ ಕಾಣುತ್ತದೆ. ಇದ್ದ ಜಾಗಕ್ಕಿಂತ ತಗಡು ಹೆಚ್ಚಾಗಿದೆ ಎಂದು ಇದರ ಅರ್ಥ. ಅದನ್ನು ಕುಗ್ಗಿಸುವ ಉಪಾಯ ಜಾಣತನದ್ದು. ನಾಣ್ಯಕ್ಕಿಂತ ಚಿಕ್ಕದಾದ ಒಂದು ಚುಕ್ಕಿಯನ್ನು ಕೆಂಪಗಾಗುವವರೆಗೆ ಕಾಯಿಸುತ್ತಾರೆ. ಕಾದ ಉಕ್ಕು ಹಿಗ್ಗಲು ನೋಡುತ್ತದೆ. ಆದರೆ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲವಾದ್ದರಿಂದ, ಮೆತ್ತಗಾದ ಆ ಚುಕ್ಕಿ ಪಕ್ಕಕ್ಕೆ ಹರಡಲಾರದೆ ದಪ್ಪಗಾಗುತ್ತದೆ. ತಣ್ಣಗಾಗುವಾಗ ಅದು ಕುಗ್ಗಿ, ಸುತ್ತಲಿನ ಹೆಚ್ಚುವರಿ ತಗಡನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ.

ಪುಟ್ಟಿ: ಎಷ್ಟು, ಏಕೆ

ಎಷ್ಟೇ ನುರಿತ ಕೈಯಾದರೂ ಸುತ್ತಿಗೆ ಕೆಲಸ ಕನ್ನಡಿಯಷ್ಟು ನಯವಾಗುವುದಿಲ್ಲ. ಉಳಿದ ಕೂದಲೆಳೆಯಷ್ಟರ ತಗ್ಗುಗಳನ್ನು ತುಂಬಲು ಪುಟ್ಟಿ ಬೇಕು. ಪಾಲಿಯೆಸ್ಟರ್ ಅಂಟಿಗೆ ಟಾಲ್ಕ್‌ನಂಥ ನುಣ್ಣನೆಯ ಪುಡಿ ಬೆರೆಸಿದ ಲೇಪ ಇದು. ಬಳಸುವ ಮುನ್ನ ಇದಕ್ಕೆ ಹಾರ್ಡನರ್ ಎಂಬ, ಟ್ಯೂಬಿನಲ್ಲಿ ಬರುವ ಬಣ್ಣದ ಲೇಪವನ್ನು ತೂಕದಲ್ಲಿ ಸುಮಾರು ಶೇಕಡಾ 2ರಷ್ಟು, ಅಂದರೆ ನೂರು ಗ್ರಾಂಗೆ ಎರಡು ಗ್ರಾಂನಷ್ಟು, ಕಲಸುತ್ತಾರೆ. ಕಲಸಿದ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಹಾರ್ಡನರ್ ಕಡಿಮೆಯಾದರೆ ಪುಟ್ಟಿ ಒಳಗೆ ಮೆತ್ತಗೇ ಉಳಿಯುತ್ತದೆ. ಬೇಗ ಮುಗಿಯಲೆಂದು ಹೆಚ್ಚು ಹಾಕಿದರೆ, ಅದರಲ್ಲಿನ ರಾಸಾಯನಿಕ ತಿಂಗಳುಗಳ ನಂತರ ಬಣ್ಣದ ಮೂಲಕ ಕಲೆಯಾಗಿ ಹೊರಬರಬಹುದು.

ಪುಟ್ಟಿಯೇ ಕೆಟ್ಟದ್ದು ಎಂಬ ಮಾತು ನಮ್ಮಲ್ಲಿ ಬಹಳ ಚಲಾವಣೆಯಲ್ಲಿದೆ, ಅದು ಸರಿಯಲ್ಲ. ಸುಮಾರು ಮೂರು ಮಿಲಿಮೀಟರ್ ಮೀರದಷ್ಟು ತೆಳುವಾಗಿ, ಶುದ್ಧ ಮೈಯ ಮೇಲೆ ಹಾಕಿದ ಪುಟ್ಟಿ ವರ್ಷಗಟ್ಟಲೆ ಬಾಳುತ್ತದೆ. ತೊಂದರೆ ಬರುವುದು, ತಗಡನ್ನು ಎಬ್ಬಿಸುವ ಬದಲು ಗುಂಡಿಯನ್ನೇ ಪುಟ್ಟಿಯಿಂದ ಮುಚ್ಚಿದಾಗ. ಉಕ್ಕು ಮತ್ತು ಪುಟ್ಟಿ ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಬಾಗಿಲು ದಡ್ಡೆಂದು ಹಾಕಿದಾಗ ಒಂದೇ ರೀತಿ ಅದುರುವುದೂ ಇಲ್ಲ. ಪದರ ದಪ್ಪವಾದಷ್ಟೂ ಈ ಹೊಂದದ ಓಟ ಹೆಚ್ಚಾಗಿ, ಅಂಚಿನಲ್ಲಿ ಬಿರುಕು ಬಿಡುತ್ತದೆ.

ಇದಕ್ಕಿಂತ ದೊಡ್ಡ ಶತ್ರು ನೀರು. ಪುಟ್ಟಿಯಲ್ಲಿರುವ ಟಾಲ್ಕ್ ತೇವವನ್ನು ಹೀರುತ್ತದೆ. ಜೂನ್ ಜುಲೈ ತಿಂಗಳಲ್ಲಿ ಪುಟ್ಟಿ ಉಜ್ಜಿದ ಬಾಗಿಲನ್ನು ಪ್ರೈಮರ್ ಹೊಡೆಯದೆ ರಾತ್ರಿಯೆಲ್ಲ ತೆರೆದಿಟ್ಟರೆ, ಅಥವಾ ನೀರು ಹಾಕಿ ಉಜ್ಜಿ ಸರಿಯಾಗಿ ಒಣಗಿಸದಿದ್ದರೆ, ಆ ತೇವ ಬಣ್ಣದಡಿ ಸೆರೆಯಾಗುತ್ತದೆ. ಬಿಸಿಲು ಬಿದ್ದಾಗ ಅದು ಆವಿಯಾಗಿ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ, ಉಕ್ಕಿಗೆ ತುಕ್ಕನ್ನೂ ತರುತ್ತದೆ. ನನ್ನ ಹಳೆಯ ಕಾರಿನ ಎಡಬದಿಯ ಹಿಂಬಾಗಿಲಿಗೆ ಆದದ್ದು ಇದೇ. ಮಳೆಗಾಲದ ನಡುವೆ ಅವಸರದಲ್ಲಿ ಮಾಡಿಸಿದ ಕೆಲಸ. ಎರಡನೆಯ ಮಳೆಗಾಲಕ್ಕೆ ಹುರಿಗಡಲೆಯಷ್ಟು ಗಾತ್ರದ ಗುಳ್ಳೆಗಳು ಎದ್ದವು. ಬೇರೊಬ್ಬರು ಅದನ್ನು ಕೆರೆದು ತೆಗೆದಾಗ ಬಂದ ಪುಟ್ಟಿಯ ಚಕ್ಕೆ ಕಿರುಬೆರಳಿನಷ್ಟು ದಪ್ಪವಿತ್ತು, ಅದರ ಬೆನ್ನಿಗೆ ಕಂದು ತುಕ್ಕು ಅಂಟಿಕೊಂಡಿತ್ತು. ಅದರಡಿಯ ನಗ್ಗು ಪೆಟ್ಟು ಬಿದ್ದ ದಿನ ಹೇಗಿತ್ತೋ ಹಾಗೆಯೇ ಇತ್ತು.

ಬಣ್ಣದ ಪದರಗಳು

ಕಾರಿನ ಬಣ್ಣ ಒಂದೇ ಪದರವಲ್ಲ. ಕಾರ್ಖಾನೆಯಲ್ಲಿ ಇಡೀ ಗೂಡನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸಂದುಗೊಂದುಗಳಿಗೂ ತಲುಪುವಂತೆ ತುಕ್ಕು ತಡೆಯುವ ಮೊದಲ ಪದರವನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡುವ ಪದರ, ಕೊನೆಗೆ ಹೊಳಪನ್ನೂ ರಕ್ಷಣೆಯನ್ನೂ ಕೊಡುವ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಅಥವಾ ಒಂದೂವರೆ ಕಾಗದದ ಹಾಳೆಯಷ್ಟು ದಪ್ಪ.

ಮೊದಲ ಪದರವನ್ನು ಕಾರ್ಖಾನೆಯಲ್ಲಿ ಸುಮಾರು 160ರಿಂದ 180 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಆಗ ಗೂಡು ಬರಿಯ ಲೋಹ. ದುರಸ್ತಿಗೆ ಬರುವ ಕಾರಿನಲ್ಲಾದರೋ ವೈರು, ಪ್ಲಾಸ್ಟಿಕ್, ಸೀಟು, ಇಂಧನ ಎಲ್ಲವೂ ಇರುತ್ತವೆ. ಅಷ್ಟು ಬಿಸಿಗೆ ಒಡ್ಡುವಂತಿಲ್ಲ. ಆದ್ದರಿಂದ ದುರಸ್ತಿಯಲ್ಲಿ ಬಳಸುವುದು ಹಾರ್ಡನರ್ ಬೆರೆಸಿದ, ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆಯೊಳಗೆ ಗಟ್ಟಿಯಾಗುವ ಬಣ್ಣ. ಕಾರ್ಖಾನೆಯ ಮೊದಲ ಪದರ ಒಮ್ಮೆ ಹೋದರೆ ಅದೇ ಗುಣದ್ದನ್ನು ಯಾವ ಗ್ಯಾರೇಜೂ ಮರಳಿ ಕೊಡಲಾಗದು ಎಂಬುದು ಇದರಿಂದ ತಿಳಿಯುತ್ತದೆ. ಬಣ್ಣ ಉಳಿಸಿಕೊಂಡು ನಗ್ಗು ತೆಗೆಯಲು ಸಾಧ್ಯವಿದ್ದರೆ ಅದಕ್ಕೇ ಮೊದಲ ಆದ್ಯತೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಈ ಬಣ್ಣದ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕಗಳಿವೆ. ಅವುಗಳ ಮಂಜನ್ನು ಉಸಿರಾಡುವವರಿಗೆ ಆಸ್ತಮಾ ಬರುವುದು ವೈದ್ಯಲೋಕ ಗುರುತಿಸಿರುವ ಔದ್ಯೋಗಿಕ ಕಾಯಿಲೆ. ಬಣ್ಣ ಹೊಡೆಯುವಾಗ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು ಬೇಕು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಈ ಕೆಲಸ ಮಾಡುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಬಟ್ಟೆ ಧೂಳನ್ನು ತಡೆದೀತೇ ಹೊರತು ಈ ಆವಿಯನ್ನು ತಡೆಯದು.

ಬಣ್ಣ ಹೊಂದಿಸುವುದು ಬೇರೆಯೇ ವಿದ್ಯೆ. ಪ್ರತಿ ಕಾರಿನ ಮೇಲೂ ಬಣ್ಣದ ಸಂಕೇತ ಬರೆದ ಪಟ್ಟಿ ಇರುತ್ತದೆ. ಆದರೆ ಐದು ವರ್ಷ ಬಿಸಿಲುಂಡ ಕಾರಿನ ಬಣ್ಣ ಹೊಸ ಡಬ್ಬಿಯ ಬಣ್ಣಕ್ಕೆ ಹೊಂದುವುದಿಲ್ಲ. ಮೆಟಾಲಿಕ್ ಬಣ್ಣದಲ್ಲಿ ಸಣ್ಣ ಅಲ್ಯೂಮಿನಿಯಂ ಚೂರುಗಳಿದ್ದು, ಅವು ಮಲಗಿದ ಕೋನದ ಮೇಲೆ ಛಾಯೆ ಬದಲಾಗುತ್ತದೆ. ಆದ್ದರಿಂದ ಒಂದು ಬಾಗಿಲಿನ ಕೆಲಸಕ್ಕೆ ಪಕ್ಕದ ಫೆಂಡರಿನ ಮೇಲೂ ಬಣ್ಣವನ್ನು ತೆಳುವಾಗಿ ಹಾಯಿಸಿ ಕರಗಿಸುವುದುಂಟು. ಬಿಲ್ಲಿನಲ್ಲಿ ಪಕ್ಕದ ಭಾಗದ ಹೆಸರನ್ನು ಕಂಡು ಮೋಸವೆಂದು ತಿಳಿಯಬೇಕಾಗಿಲ್ಲ.

ಬಣ್ಣ ಮುಟ್ಟದೆ ಎಬ್ಬಿಸುವ ವಿಧಾನ

ಕ್ಲಿಯರ್ ಕೋಟ್ ಬಿರುಕು ಬಿಟ್ಟಿಲ್ಲದಿದ್ದರೆ, ಮಡಿಕೆ ಚೂಪಾಗಿಲ್ಲದಿದ್ದರೆ, ನಗ್ಗು ತಗಡಿನ ಅಂಚಿನಲ್ಲಿ ಇಲ್ಲದಿದ್ದರೆ, ಬಣ್ಣಕ್ಕೆ ಧಕ್ಕೆಯಾಗದಂತೆ ಎಬ್ಬಿಸಬಹುದು. ಬಾಗಿಲಿನ ಗಾಜು ಇಳಿಯುವ ಸಂದಿನಿಂದಲೋ ಒಳಗಿನ ಹೊದಿಕೆ ಬಿಚ್ಚಿಯೋ ಬಾಗಿದ ತುದಿಯ ಉದ್ದನೆಯ ಉಕ್ಕಿನ ಸಲಾಕೆಗಳನ್ನು ತೂರಿಸಿ, ಹಿಂದಿನಿಂದ ಸ್ವಲ್ಪಸ್ವಲ್ಪವೇ ಒತ್ತುತ್ತಾರೆ. ಎದುರಿಗೆ ಗೆರೆಗೆರೆಯಾಗಿ ಬೆಳಗುವ ದೀಪದ ಹಲಗೆಯೊಂದನ್ನು ನಿಲ್ಲಿಸಿರುತ್ತಾರೆ. ನಗ್ಗಿದ ಕಡೆ ಗೆರೆಗಳ ಪ್ರತಿಬಿಂಬ ಸೊಟ್ಟಗಾಗುತ್ತದೆ. ಅವು ನೇರವಾಗುವವರೆಗೆ ಕೆಲಸ. ಜೆ.ಸಿ. ರಸ್ತೆಯ ಮೇಸ್ತ್ರಿ ಟ್ಯೂಬ್‌ಲೈಟಿನಲ್ಲಿ ನೋಡುತ್ತಿದ್ದುದೂ ಇದನ್ನೇ. ಹಿಂದಿನಿಂದ ದಾರಿಯಿಲ್ಲದ ಕಡೆ ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಸಿ ಅಂಟಿನಿಂದ ಬಣ್ಣದ ಮೇಲೆ ಅಂಟಿಸಿ ಹೊರಕ್ಕೆ ಎಳೆಯುತ್ತಾರೆ. ಸುತ್ತಲಿನ ಏಣನ್ನು ಪ್ಲಾಸ್ಟಿಕ್ ತುದಿಯ ಕೋಲಿನಿಂದ ತಟ್ಟಿ ಇಳಿಸುವ ಕ್ರಮ ಇಲ್ಲಿಯೂ ತಪ್ಪುವುದಿಲ್ಲ.

ಆಲಿಕಲ್ಲಿನ ಕುಳಿಗಳಿಗೆ ಇದೇ ತಕ್ಕ ವಿಧಾನ. ಅವು ಅಗಲವಾಗಿ, ಆಳವಿಲ್ಲದೆ, ಬಣ್ಣ ಒಡೆಯದೆ ಇರುತ್ತವೆ. ಆದರೆ ಒಮ್ಮೆ ಬಣ್ಣ ಹೊಡೆಸಿ ಪುಟ್ಟಿ ಹಾಕಿದ ಭಾಗಕ್ಕೆ ಇದು ಆಗದು. ಒತ್ತಿದರೆ ಪುಟ್ಟಿ ಕಳಚುತ್ತದೆ. ತಲೆಗೂದಲು ಒಣಗಿಸುವ ಯಂತ್ರದಿಂದ ಕಾಯಿಸಿ ಮಂಜುಗಡ್ಡೆಯಿಟ್ಟರೆ ನಗ್ಗು ಮಾಯವಾಗುವ ವಿಡಿಯೊಗಳು ಬಹಳ ಓಡಾಡುತ್ತಿವೆ. ಅಷ್ಟು ಬಿಸಿಗೆ ಉಕ್ಕಿನ ಮಡಿಕೆ ಬಿಚ್ಚುವುದಿಲ್ಲ. ಮಡಿಕೆಯೇ ಇಲ್ಲದ, ತಗಡು ಒಳಕ್ಕೆ ಟಕ್ಕೆಂದು ಕುಳಿತ ತಗ್ಗು ಮಾತ್ರ ಅಪರೂಪಕ್ಕೆ ಹಾಗೆ ಹೊರಬಂದೀತು.

ಬಂಪರ್ ಮತ್ತು ಅಲ್ಯೂಮಿನಿಯಂ

ಬಿಸಿ ಮಾಡುವ ಉಪಾಯ ಕೆಲಸ ಮಾಡುವುದು ಬಂಪರಿಗೆ. ಬಹುತೇಕ ಬಂಪರುಗಳ ಹೊದಿಕೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಕುದಿಯುವ ನೀರು ಸುರಿದರೆ ಅದು ಮೆತ್ತಗಾಗಿ, ಹಿಂದಿನಿಂದ ಒತ್ತಿದಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ಹೊಸ ಕಾರುಗಳಲ್ಲಿ ಒಂದು ಎಚ್ಚರಿಕೆ ಬೇಕು. ಪಕ್ಕದಲ್ಲಿ ವಾಹನವಿದೆ ಎಂದು ತಿಳಿಸುವ ರಾಡಾರ್ ಹಿಂದಿನ ಬಂಪರಿನ ಒಳಗೇ ಇರುತ್ತದೆ. ಅದರ ಎದುರಿನ ಜಾಗದಲ್ಲಿ ಪುಟ್ಟಿಯೋ ದಪ್ಪ ಬಣ್ಣದ ಪದರವೋ ಬಂದರೆ ಅಲೆಗಳು ಸರಿಯಾಗಿ ದಾಟುವುದಿಲ್ಲ, ಅಂಥ ಕಡೆ ಬಂಪರ್ ಬದಲಿಸುವುದೇ ಕ್ಷೇಮ.

ಅಲ್ಯೂಮಿನಿಯಂ ಬಾನೆಟ್ ಇರುವ ಕಾರುಗಳೂ ಇವೆ. ಅಯಸ್ಕಾಂತ ಅಂಟದಿದ್ದರೆ ಗುರುತು ಸಿಕ್ಕಂತೆ. ಅದು ಉಕ್ಕಿನಷ್ಟು ಸ್ಪ್ರಿಂಗಿನಂತೆ ಮರಳುವುದಿಲ್ಲ, ಬೇಗ ಬಿರುಕು ಬಿಡುತ್ತದೆ, ಕಾಯಿಸಿದರೆ ಕೆಂಪಗಾಗುವ ಮುನ್ಸೂಚನೆಯನ್ನೂ ಕೊಡದೆ ಸುಮಾರು 660 ಡಿಗ್ರಿಯಲ್ಲಿ ಕರಗಿಬಿಡುತ್ತದೆ. ಉಕ್ಕು ಉಜ್ಜಿದ ಸಲಕರಣೆಗಳ ಕಬ್ಬಿಣದ ಪುಡಿ ಅದರಲ್ಲಿ ಸಿಕ್ಕಿಕೊಂಡರೆ ಸವೆತ ಶುರುವಾಗುವುದರಿಂದ ಪ್ರತ್ಯೇಕ ಸಲಕರಣೆಗಳೇ ಬೇಕು.

ವಿಮೆಯಲ್ಲಿ ಮಾಡಿಸಬೇಕೆ

ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ನಿಮ್ಮ ಕಾರಿನ ನಗ್ಗಿಗೆ ಹಣ ಕೊಡುವುದಿಲ್ಲ. ಸ್ವಂತ ಹಾನಿಯ ವಿಮೆ ಇರಬೇಕು. ಅದರಲ್ಲಿಯೂ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಸಾಮಾನ್ಯವಾಗಿ 1000 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 2000 ರೂಪಾಯಿ ನೀವೇ ಭರಿಸಬೇಕು. ಬದಲಿಸಿದ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಸಾಮಗ್ರಿಯೆಂದು ಎಣಿಸಿ, ಅದರಲ್ಲಿ ಅರ್ಧ ಕಳೆಯುತ್ತಾರೆ. ಸವಕಳಿ ಕಳೆಯದ ಹೆಚ್ಚುವರಿ ರಕ್ಷಣೆಯನ್ನು ಕೊಂಡಿದ್ದರೆ ಈ ಕಡಿತಗಳು ಇರುವುದಿಲ್ಲ.

ಜನರ ಲೆಕ್ಕಕ್ಕೆ ಸಿಗದೇ ಹೋಗುವುದು ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ಒಂದು ವರ್ಷಕ್ಕೆ ಪ್ರೀಮಿಯಂನಲ್ಲಿ ಶೇಕಡಾ 20, ಆಮೇಲೆ ಕ್ರಮವಾಗಿ 25, 35, 45, ಐದು ವರ್ಷಕ್ಕೆ 50ರಷ್ಟು ರಿಯಾಯಿತಿ ಸಿಗುತ್ತದೆ. ಒಂದು ಕ್ಲೇಮ್ ಮಾಡಿದರೆ ಇದು ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಏರಬೇಕು. ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮುನ್ನ 8000 ರೂಪಾಯಿ, ಈಗ ನೀವು 50ರ ಹಂತದಲ್ಲಿದ್ದೀರಿ, ಪ್ರೀಮಿಯಂ ಬದಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡಿದರೆ ಮುಂದಿನ ಐದು ನವೀಕರಣಗಳಲ್ಲಿ ಕ್ರಮವಾಗಿ 4000, 2400, 2000, 1200, 400 ರೂಪಾಯಿ ಹೆಚ್ಚು ತೆರುತ್ತೀರಿ. ಒಟ್ಟು 10,000 ರೂಪಾಯಿ. ಬೋನಸ್ಸನ್ನು ಉಳಿಸಿಕೊಡುವ ಪ್ರತ್ಯೇಕ ರಕ್ಷಣೆ ಇಲ್ಲದಿದ್ದರೆ, ಇದಕ್ಕಿಂತ ಕಡಿಮೆ ಖರ್ಚಿನ ನಗ್ಗಿಗೆ ಕೈಯಿಂದ ಕೊಡುವುದೇ ಲಾಭ.

ಗ್ಯಾರೇಜಿನಲ್ಲಿ ನೋಡಬೇಕಾದದ್ದು

ಬಣ್ಣ ಬಿದ್ದ ಮೇಲೆ ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಒಂದೇ ರೀತಿ ಹೊಳೆಯುತ್ತವೆ. ಆದ್ದರಿಂದ ಕಾರು ಬಿಡುವಾಗಲೇ, ತಗಡಿನ ಕೆಲಸ ಮುಗಿದು ಪುಟ್ಟಿ ಹಾಕುವ ಮೊದಲು ಒಮ್ಮೆ ನೋಡಬೇಕು ಅಥವಾ ಫೋಟೊ ಕಳಿಸಿ ಎಂದು ಹೇಳಿ. ಆ ಹಂತದಲ್ಲಿ ಅಂಗೈ ಆಡಿಸಿದರೆ ತಗ್ಗು ಹೆಚ್ಚುಕಡಿಮೆ ತಿಳಿಯಬಾರದು. ಬೆಸುಗೆ ಹಾಕಿ ಎಳೆದಿದ್ದರೆ ಒಳಮಗ್ಗುಲಿಗೆ ಏನು ಸಿಂಪಡಿಸುತ್ತೀರಿ ಎಂದು ಕೇಳಿ. ಮಳೆಗಾಲವಾಗಿದ್ದರೆ ಪುಟ್ಟಿ ಉಜ್ಜಿದ ದಿನವೇ ಪ್ರೈಮರ್ ಬೀಳುತ್ತದೆಯೇ ಎಂದೂ ಕೇಳಿ.

ಹಳೆಯ ಕಾರು ಕೊಳ್ಳುವವರು ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಬಣ್ಣಕ್ಕೆ ಗೀರು ಬೀಳದಂತೆ ತೆಳು ಬಟ್ಟೆಯಲ್ಲಿ ಸುತ್ತಿ, ಬಾಗಿಲಿನ ಕೆಳಭಾಗ ಮತ್ತು ಹಿಂಚಕ್ರದ ಸುತ್ತ ಆಡಿಸಿ. ಒಂದು ಕಡೆ ಗಟ್ಟಿಯಾಗಿ ಹಿಡಿದುಕೊಂಡ ಅಯಸ್ಕಾಂತ, ಗೇಣು ದೂರದಲ್ಲಿ ಅದೇ ತಗಡಿನ ಮೇಲೆ ಜಾರಿ ಬಿದ್ದರೆ, ಆ ಜಾಗದಲ್ಲಿ ಬಣ್ಣಕ್ಕೂ ಉಕ್ಕಿಗೂ ನಡುವೆ ದಪ್ಪನೆಯ ಪುಟ್ಟಿ ಕುಳಿತಿದೆ ಎಂದು ತಿಳಿಯಬಹುದು.